ಮೂರು ಸೆಕೆಂಡು
ನವೆಂಬರ್ 13, ಬುಧವಾರ.

ದೂರದ ಚಾಕೊ ಸೀಮೆಯ ಶಾಲೆಗಳಿಗೆ ಇಂಟರ್ನೆಟ್ ಕೊಡುವ ನನ್ನ ಮಸೂದೆ ಇವತ್ತು ಸಂಸತ್ತಿನಲ್ಲಿ ಒಂದೇ ಮತದಿಂದ ಬಿದ್ದುಹೋಯಿತು. ಆ ಮತ ನನ್ನದೇ. ಪಕ್ಕದ ಸೀಟಿನ ಹಿರಿಯ ಸದಸ್ಯೆ ಡೋನ್ಯಾ ಎಡುವಿಹೆಸ್ ತೆರೆರೆ ಎಂಬ ತಣ್ಣನೆಯ ಎಲೆ ಚಹಾ ತುಂಬಿದ ಕೊಂಬಿನ ಲೋಟ ಚಾಚಿದರು. ಬಲಗೈಲಿ ಅದನ್ನು ಇಸಕೊಂಡು, ಎಡಗೈಲಿ ನೋಡದೆ ಮತದ ಗುಂಡಿ ಒತ್ತಿದೆ. ಕೆಂಪು ದೀಪ ಹತ್ತಿತು: ವಿರೋಧ.

ಸಭಾಧ್ಯಕ್ಷರ ಹತ್ತಿರ ಓಡಿದೆ. "ತಿದ್ದೋಕೆ ಬರಲ್ಲ ಇಂಜಿನಿಯರೇ, ಮಶೀನು ನಿಮ್ದೇ ಅಲ್ವಾ?" ಅಂದರು.

ನಮ್ಮದೇ. ರಾಜಕೀಯಕ್ಕೆ ಬರುವ ಮೊದಲು ನನ್ನ ಕಂಪನಿ ಮಾಡಿಕೊಟ್ಟಿದ್ದು. "ಖಚಿತವೇ?" ಎಂದು ಇನ್ನೊಮ್ಮೆ ಕೇಳುವ ಹಾಗೆ ತಂಡದವರು ಮಾಡಿದ್ದರು. ಮೂರು ಸೆಕೆಂಡು ದಂಡ ಅಂತ ನಾನೇ ತೆಗೆಸಿದೆ. ಆ ವೇಗದ ಹೆಸರಲ್ಲೇ ಓಟು ಕೇಳಿ ಗೆದ್ದು ಬಂದೆ.

ಡೋನ್ಯಾ ಮತ್ತೆ ತುಂಬಿ ಕೊಟ್ಟರು. "ಕುಡಿ ಮಗಾ. ಈ ಸಲ ಎರಡೂ ಕೈಲಿ ಹಿಡ್ಕೊ."

ಹಿಡಿದುಕೊಂಡೇ ಕುಡಿದೆ. ಫಲಿತಾಂಶಕ್ಕೆ ಕಾಯುತ್ತಿರುವ ಚಾಕೊ ಶಾಲೆಯ ಮೇಷ್ಟ್ರಿಗೆ ಇನ್ನೂ ಫೋನು ಮಾಡಿಲ್ಲ.