ನರ್ಸರಿ ಮುಂದಿನ ಫುಟ್‌ಪಾತ್

ಜುಲೈ 8, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ಲಿಂಗರಾಜಪುರದ ನರ್ಸರಿ ಗೇಟಿನ ಪಕ್ಕ ಇವತ್ತೂ ಅದೇ ಬಿಳಿ ಕಾರು ಫುಟ್‌ಪಾತ್ ಮೇಲೆ ಹತ್ತಿ ನಿಂತಿತ್ತು. ಬೇರೆ ದಾರಿಯಿಲ್ಲದೆ ಮಗಳು ಶಿವಾನಿಯನ್ನು ರಸ್ತೆಗಿಳಿಸಿದೆ. ಹಿಂದಿನಿಂದ ಬಂದ ಬೈಕು ಬ್ಯಾಗಿಗೆ ತಾಗಿ ಮಗು ಮುಗ್ಗರಿಸಿ ಬಿತ್ತು. ಮೊಣಕಾಲು ತರಚಿತು, ಅಷ್ಟೇ.

ಅವಳನ್ನು ಮಿಸ್ ಕೈಗೆ ಕೊಟ್ಟು ಬಂದು ಕಾರಿನ ಹಿಂದೆಯೇ ನಿಂತೆ. ತನ್ನ ಮಗನನ್ನು ಒಳಗೆ ಬಿಟ್ಟು ಬಂದ ಕಾರಿನವನು, "ಎರಡೇ ನಿಮಿಷ ಅಲ್ವಾ ಮೇಡಂ, ಸೈಡಿಗೆ ಬನ್ನಿ" ಅಂದ.

"ಬರಲ್ಲ ರೀ. ಮೊದಲು ಒಳಗೆ ಹೋಗಿ ನನ್ನ ಮಗಳ ಮೊಣಕಾಲು ನೋಡ್ಕೊಂಡು ಬನ್ನಿ."

ಅವನು ಕಾರು ಹತ್ತಿ ಹಾರ್ನ್ ಹೊಡೆದ. ಮೊಮ್ಮಗಳನ್ನು ಬಿಡೋಕೆ ಬಂದಿದ್ದ ಅಂಜಿನಮ್ಮ ನನ್ನ ಪಕ್ಕ ಬಂದು ನಿಂತರು. "ಹೊಡ್ಕೋಪ್ಪಾ, ನಾವೂ ಇಲ್ಲೇ ಇರ್ತೀವಿ" ಅಂದರು. ಇನ್ನಿಬ್ಬರು ತಾಯಂದಿರೂ ಸೇರಿಕೊಂಡರು. ಕೊನೆಗೆ ಇಳಿದು ಒಳಗೆ ಹೋದ. ಮಗಳ ಮೊಣಕಾಲು ನೋಡಿ ವಾಪಸ್ ಬಂದ. ದಾರಿ ಬಿಟ್ಟೆವು.

"ಊರವರ ಜೊತೆ ಯಾಕೆ ಜಗಳ?" ಅಂತಾರೆ ಮನೆಯಲ್ಲಿ ಇವರು. ಮಗಳು ನಿದ್ದೆಯಲ್ಲೂ ಕಾಲು ಎಳ್ಕೊಳ್ತಿದ್ದಾಳೆ. ನಾಳೆ ಇನ್ಯಾರದೋ ಕಾರು ಬರುತ್ತೆ, ಗೊತ್ತು. ಬರಲಿ. ನಾವು ನಾಲ್ವರೂ ಬೆಳಿಗ್ಗೆ ಬೇಗ ಹೋಗಿ ಅಲ್ಲೇ ನಿಂತಿರ್ತೀವಿ. ಹತ್ತಿಸಲಿ ನೋಡೋಣ, ಯಾರಿಗೆ ಧೈರ್ಯ ಇದೆ ಅಂತ.