ವರಾಂಡದಲ್ಲಿ ಕೇಳಿದ ಪಾಠಕ್ಕೆ ಹಾಜರಿ ಕೊಡಿ

ಹರಿಹರ, ಫೆಬ್ರುವರಿ ೧೯೬೩

ಸಂಜೆ ಎಂ.ಎ. ತರಗತಿಗಳ ಮೇಲಧಿಕಾರಿಗಳಿಗೆ,

ಮಾನ್ಯರೇ, ಹಾಜರಿ ಸಾಲದೆಂದು ನನ್ನನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದ್ದೀರಿ. ಅದೇ ವಾರ ಪತ್ರಿಕೆಯಲ್ಲಿ ತಮ್ಮ ಹೇಳಿಕೆಯನ್ನೂ ಓದಿದೆ. ಗಂಡಸರು ಹಗಲಲ್ಲೂ ಸಂಜೆಯಲ್ಲೂ ಹೆಚ್ಚುತ್ತಿದ್ದಾರಂತೆ. ಹೆಂಗಸರು ಹಗಲಿನ ಪೂರ್ಣಾವಧಿ ತರಗತಿಯಲ್ಲಿ ಬೆರಳೆಣಿಕೆ, ಸಂಜೆಗೆ ಸೇರಿದವರೂ ವರ್ಷದಿಂದ ವರ್ಷಕ್ಕೆ ಕರಗುತ್ತಿದ್ದಾರಂತೆ. ಕಾರಣ, 'ಆಸಕ್ತಿಯ ಅಭಾವ'. ಆಹಾ! ಬಾಗಿಲಿಗೆ ಅಗುಳಿ ಹಾಕಿ, ಒಳಗೆ ಯಾರೂ ಬರಲಿಲ್ಲವೆಂದು ವರದಿ ಬರೆಯಲು ಎಷ್ಟು ಓದಿರಬೇಕು ಸ್ವಾಮೀ?

ಪೂರ್ಣಾವಧಿಗೆ ಮೈಸೂರಿಗೋ ಧಾರವಾಡಕ್ಕೋ ಹೋಗಬೇಕು. ಮನೆಮಗನನ್ನು ಕಳಿಸುತ್ತಾರೆ, ಸೊಸೆಯನ್ನು ಯಾರು ಕಳಿಸುತ್ತಾರೆ? ಹಗಲು ಹರಿಹರದಲ್ಲಿ ಮಕ್ಕಳಿಗೆ ಪಾಠ ಹೇಳಿ, ಸಂಜೆ ಬಸ್ಸು ಹಿಡಿದು ದಾವಣಗೆರೆಗೆ ಓಡುವ ನನ್ನಂಥವರಿಗೆ ಉಳಿದದ್ದು ಈ ಅರೆಕಾಲಿಕ ಓದೊಂದೇ. ಅದಕ್ಕೂ ತಮ್ಮದೊಂದು ನಿಯಮ: ಹೆಂಗಸರ ಜೊತೆ ಮನೆಯ ಗಂಡಸೊಬ್ಬ ಬಂದು ತರಗತಿ ಮುಗಿಯುವವರೆಗೆ ಕೂರಬೇಕು. ನನ್ನ ಗಂಡ ಕಾಟಪ್ಪನಿಗೆ ಗಿರಣಿಯಲ್ಲಿ ಸಂಜೆ ಪಾಳಿ. ಹಾಗಾಗಿ ಮಾವ ಓಬಯ್ಯನವರು ಬಂದರು. ಹೊಲದಲ್ಲಿ ದಣಿದ ಆ ಜೀವ ಹಿಂದಿನ ಬೆಂಚಿನಲ್ಲಿ ಗೊರಕೆ ಹೊಡೆಯುತ್ತಿತ್ತು. ನಿಯಮಕ್ಕೆ ಅಷ್ಟು ಸಾಕಾಗಿತ್ತು.

ದೀಪಾವಳಿ ಕಳೆದ ಮೇಲೆ ಮಾವನವರಿಗೆ ಲಕ್ವ ಹೊಡೆಯಿತು. ಅವರನ್ನು ನೆರೆಮನೆಯವರಿಗೆ ಒಪ್ಪಿಸಿ ಅತ್ತೆ ಕೆಂಚಕ್ಕ ಸೆರಗು ಬಿಗಿದು ನನ್ನೊಡನೆ ಹೊರಟರು. ತಮ್ಮ ಗುಮಾಸ್ತರು ಬಾಗಿಲಲ್ಲೇ ತಡೆದರು.

"ಗಂಡಸ್ರು ಬೇಕಮ್ಮಾ. ರೂಲ್ಸ್ ಐತೆ."

"ಗಂಡಸು ನಿದ್ದಿ ಹೊಡೆದ್ರೂ ನಡಿತೈತೆ, ನಾನು ಎಚ್ಚರಿದ್ರೂ ನಡಿಯಂಗಿಲ್ಲೇನ್ರಿ?"

"ನನ್ನ ಕೇಳಬ್ಯಾಡಮ್ಮಾ, ಸಾಹೇಬ್ರನ್ನ ಕೇಳು."

"ಕರೀರಿ ನಿಮ್ ಸಾಹೇಬ್ರನ್ನ. ಅವರ ಜೊತಿಗೆ ಮನೆಯಿಂದ ಯಾರು ಬಂದಾರೆ, ನೋಡೇಬಿಡ್ತೀನಿ!"

ಒಳಗಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಅಂದಿನಿಂದ ವರಾಂಡದ ಕಿಟಕಿಯ ಕೆಳಗೆ ಅತ್ತೆ ಸೊಸೆ ಕೂತಿದ್ದೇವೆ. ಮೇಷ್ಟ್ರು ನನಗಾಗಿ ದನಿ ಎತ್ತರಿಸಿ ಪಾಠ ಹೇಳಿದ್ದಾರೆ, ಅವರಿಗೆ ಶರಣು. ತಮ್ಮ ಲೆಕ್ಕದಲ್ಲಿ ಮಾತ್ರ ಅವೆಲ್ಲ ಗೈರುಹಾಜರಿ.

ಏಕೀಕರಣದ ಮೆರವಣಿಗೆಯಲ್ಲಿ ಲಾಠಿ ಏಟು ತಿನ್ನುವಾಗ ನನ್ನ ಜೊತೆ ಗಂಡಸು ಬಂದಿದ್ದಾನೆಯೇ ಎಂದು ಯಾರೂ ಕೇಳಲಿಲ್ಲ. ನಾಡು ಕಟ್ಟಲು ಒಂಟಿಯಾಗಿ ಬರಬಹುದು, ಆ ನಾಡಿನ ನುಡಿಯಲ್ಲಿ ಎಂ.ಎ. ಓದಲು ಬರಬಾರದೇ?

'ಮುಂದಿನ ವರ್ಷ ಪರೀಕ್ಷೆಗೆ ಕಟ್ಟಿ' ಎನ್ನಬೇಡಿ. ನಾನು ಬಸುರಿ. ಮುಂದಿನ ವರ್ಷ ಕಂಕುಳಲ್ಲಿ ಕೂಸು, ಹಾಸಿಗೆಯಲ್ಲಿ ಮಾವ. ನನ್ನನ್ನು ಹೊಸಿಲು ದಾಟಲು ಬಿಡುವವರು ಯಾರು? ನನಗೆ ಇರುವುದು ಇದೊಂದೇ ವರ್ಷ.

ಈ ಶನಿವಾರ ಪರೀಕ್ಷೆಗೆ ಹೆಸರುಗಳು ಹೋಗುತ್ತವೆ. ವರಾಂಡದ ದಿನಗಳನ್ನು ಹಾಜರಿಗೆ ಸೇರಿಸಿ, ನನ್ನ ಹೆಸರು ಕಳಿಸಿ. ಆ ಗಂಡಸಿನ ನಿಯಮವನ್ನು ಕಿತ್ತುಹಾಕಿ. ಬೇಡುತ್ತಿದ್ದಾಳೆ ಎಂದುಕೊಂಡರೂ ಸರಿ, ಬೈಯುತ್ತಿದ್ದಾಳೆ ಎಂದುಕೊಂಡರೂ ಸರಿ. ಎರಡಕ್ಕೂ ನನ್ನಲ್ಲಿ ಉಸಿರು ಉಳಿದಿರುವುದು ಶನಿವಾರದವರೆಗೆ ಮಾತ್ರ.

ಇಂತಿ,
'ತಮ್ಮ ವಿಧೇಯಳು' ಎಂದು ಬರೆಯಲು ಕೈ ಏಳದ
ನಾಗಕ್ಕ