ಹನ್ನೊಂದನೆಯ ಗೆರೆ

ಹೊಸ ರಾಯಚೂರು
ಫೆಬ್ರವರಿ ೩೦, ೨೨೯೧

ಹಿಂದಿನ ಕಾಲದವರಿಗೆ,

ಈ ತಾರೀಖು ನಿಮಗೆ ತಪ್ಪಾಗಿ ಕಾಣಬಹುದು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಮಾತುಗಳೂ ನಿಮಗೆ ಹೊಸವು, ಮನ್ನಿಸಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಕಂಡದ್ದನ್ನಷ್ಟೇ ಬರೆಯುತ್ತೇನೆ.

ನನ್ನ ಕೆಲಸ ಮುಖಸುರುಳಿ ತೆಗೆಯುವುದು. ಕಲಾವಿದರನ್ನು ಕ್ಯಾಮೆರಾದ ಮುಂದೆ ಕೂರಿಸಿ, ಫಿಲ್ಮು ಮುಗಿಯುವ ತನಕ ಹನ್ನೊಂದು ನಿಮಿಷ ಹಾಗೇ ಬಿಡುತ್ತೇವೆ. ಕಥೆಯಿಲ್ಲ, ಸದ್ದಿಲ್ಲ. ನಿಮ್ಮ ಕಾಲದಲ್ಲಿ ಇದು ಯಾರೋ ನಾಲ್ಕು ಜನ ಮಾಡುತ್ತಿದ್ದ ಪ್ರಯೋಗವಂತೆ. ಈಗ ಸಂಗ್ರಾಹಕರು ಇದಕ್ಕೆ ಮುಗಿಬೀಳುತ್ತಾರೆ. ಅವರದೊಂದು ಷರತ್ತು: ಕ್ಯಾಮೆರಾ ತಿರುಗಿದ ಕ್ಷಣದಿಂದ ಆ ಕಲಾವಿದರು ಏನನ್ನೂ ರಚಿಸಬಾರದು. ಇನ್ನೇನೂ ಮಾಡದವರ ಮುಖಕ್ಕೇ ಬೆಲೆ. ಹಾಗೆಂದು ಬರೆದುಕೊಡುವ ಕಾಗದಕ್ಕೆ ಕೈಮುಚ್ಚಳಿಕೆ ಎನ್ನುತ್ತಾರೆ.

ನಮ್ಮ ಚಿಕ್ಕವ್ವ ಹುಲಿಗೆವ್ವ ಸುಣ್ಣ, ಕೆಮ್ಮಣ್ಣಿನಲ್ಲಿ ಗೋಡೆಚಿತ್ರ ಬರೆಯುತ್ತಿದ್ದಳು. ಓಣಿಗೆ ನಲ್ಲಿ ಹಾಕಿಸುತ್ತೇನೆಂದು ಸಂಗ್ರಾಹಕರೊಬ್ಬರು ಹೇಳಿದ್ದಕ್ಕೆ ಕೈಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿದಳು. ಓಣಿಗೆ ನೀರು ಬಂತು. ಅವಳ ಸುರುಳಿ ತೆಗೆದವಳು ನಾನೇ.

"ಮಾರಿ ಅಷ್ಟ ಹಿಡಿಯೇ ಹುಚ್ಚಿ, ಕೈ ತಗೊಂಡು ಏನ್ ಮಾಡ್ತಿ?" ಎಂದು ನಕ್ಕಳು.

ನಾನು ಕ್ಯಾಮೆರಾದಲ್ಲಿ ಮುಖದ ಜೊತೆ ಕೈಯನ್ನೂ ಹಿಡಿದೆ. ಮಡಿಲಲ್ಲಿ ಅವಳ ತೋರುಬೆರಳು ಸೀರೆಯ ಮೇಲೆ ಮೆಲ್ಲಗೆ ಗೆರೆ ಎಳೆಯುತ್ತಿತ್ತು.

"ಕೈ ಸುಮ್ನಿತ್ತೇನು?" ಎಂದು ಆಮೇಲೆ ಸಂಗ್ರಾಹಕರು ಕೇಳಿದರು.

"ಇಲ್ರೀ. ಚಿತ್ರ ಬರೀತಿತ್ತು," ಎಂದೆ.

ಸುಳ್ಳು ಹೇಳಲು ನನಗೆ ಬರುವುದಿಲ್ಲ. ಅದನ್ನು ಗುಣವೆಂದು ಹೊಗಳಬೇಡಿ. ಮರುದಿನವೇ ನಲ್ಲಿಯ ನೀರು ನಿಂತಿತು. ಮೂರನೇ ದಿನ ಚಿಕ್ಕವ್ವ ತಾನೇ ಸಂಗ್ರಾಹಕರ ಬಳಿ ಹೋಗಿ, ಇನ್ನು ಬರೆಯಲಾಗದಂತೆ ಬಲಗೈಗೆ ಗಟ್ಟಿ ಗಚ್ಚು ಮೆತ್ತಿಸಿಕೊಂಡು ಬಂದಳು. ಆ ಗಚ್ಚನ್ನು ಬಿಚ್ಚುವ ಹಾಗಿಲ್ಲ. ನೀರು ಮತ್ತೆ ಬಂತು. ಓಣಿಯವರೆಲ್ಲ ಕುಡಿಯುತ್ತಾರೆ, ನಾನೂ ಕುಡಿಯುತ್ತೇನೆ. ಅವಳು ಎಡಗೈಯಲ್ಲಿ ಉಣ್ಣುತ್ತಾಳೆ. ನನ್ನೊಂದಿಗೆ ಮಾತಾಡುವುದಿಲ್ಲ.

ಸುರುಳಿಯನ್ನು ಒಪ್ಪಿಸುವ ಮೊದಲು ಏಳು ಸಲ ನೋಡಿದೆ. ಅವಳ ಬೆರಳು ಬರೆದದ್ದು ಇದು: ಮೇಲೊಂದು ಅಡ್ಡಗೆರೆ. ಅದರಿಂದ ಇಳಿಯುವ ಎರಡು ಉದ್ದ ಗೆರೆ. ಅವುಗಳ ನಡುವೆ ಬಲಕ್ಕೆ ಬಾಗಿದ ಏಳು ಸಣ್ಣ ಗೆರೆ. ಬುಡದಲ್ಲಿ ಒಂದು ಚುಕ್ಕಿ. ಏನೆಂದು ನನಗೆ ತಿಳಿಯಲಿಲ್ಲ. ಆಮೇಲೆ ಬೆರಳು ಇನ್ನೊಂದು ಗೆರೆ ಎಳೆದಿದೆ, ಅದು ಸೀರೆಯ ನೆರಿಗೆಯಲ್ಲಿ ಮರೆಯಾಗಿದೆ.

ಇಲ್ಲಿ ಅವಳ ಈ ಚಿತ್ರವನ್ನು ಯಾರು ಬರೆದರೂ ನಲ್ಲಿಯ ನೀರು ನಿಲ್ಲುತ್ತದೆ. ನಿಮ್ಮ ಕಾಲಕ್ಕೆ ಆ ಕೈಮುಚ್ಚಳಿಕೆ ತಲುಪುವುದಿಲ್ಲ. ನಿಮ್ಮದೊಂದು ಗೋಡೆಯ ಮೇಲೆ ಇದನ್ನು ಬರೆಯಿರಿ. ಹನ್ನೊಂದನೆಯ ಗೆರೆಯನ್ನು ಮಾತ್ರ ನೀವಾಗಿ ಎಳೆಯಬೇಡಿ. ಅದನ್ನು ನಾನು ನೋಡಿಲ್ಲ.

ಮಾಳವ್ವ